ಬಾಯ್ತೆರೆದ ಕಡುಬಿನ ಊರಿಗೆ

ದೇವನಹಳ್ಳಿ

ದೊಡ್ಡಬಳ್ಳಾಪುರದವರಾದ ನಮಗೆ ವಿಮಾನವೆಂದರೆ ಮಹಡಿಯಲ್ಲಿ ಒಣಹಾಕಿದ ಸಂಡಿಗೆಯ ಮೇಲೆ ಹಾದುಹೋಗುವ ಒಂದು ನೆರಳು. ದೇವನಹಳ್ಳಿಯಲ್ಲಿ ಮೇಲೇಳುತ್ತದೆ, ನಮ್ಮ ಬೀದಿಗೆ ಹೊಟ್ಟೆ ತೋರಿಸುತ್ತದೆ, ಮಾಕಳಿದುರ್ಗದ ಕಡೆ ಮಾಯವಾಗುತ್ತದೆ. ಅದರ ಸದ್ದು ಮಾತ್ರ ನಮಗೆ ಗೊತ್ತಿಲ್ಲ. ನಮ್ಮದು ನೇಕಾರರ ಬೀದಿ. ಮನೆಮನೆಯಲ್ಲೂ ಪವರ್‌ಲೂಮ್ ಬೆಳಗಿನಿಂದ ಟಕಟಕ ಎನ್ನುತ್ತಿರುತ್ತದೆ. ಆ ಗದ್ದಲದಲ್ಲಿ ವಿಮಾನವಲ್ಲ, ಪುಷ್ಪಕವೇ ಬಂದಿಳಿದರೂ ಯಾರೂ ತಲೆಯೆತ್ತುವುದಿಲ್ಲ.

ಅಂಥ ಬೀದಿಯಿಂದ ನಾನು ರಷ್ಯಾಕ್ಕೆ ಹೊರಟೆ. ನನ್ನ ಹೆಸರು ಗಿರಿ, ಕಸುಬು ಮಿಮಿಕ್ರಿ. ಮದುವೆ, ನಾಮಕರಣ, ರಾಜ್ಯೋತ್ಸವ, ಎಲ್ಲಿ ಮೈಕ್ ಇದೆಯೋ ಅಲ್ಲಿ ನಾನು. ಕೋಳಿ, ಕೆಟ್ಟ ಮಿಕ್ಸಿ, ಟಿಕೆಟ್ ಕೇಳುವ ಕಂಡಕ್ಟರು, ಊಟಕ್ಕೆ ಮುಂಚೆ ಮುನಿಸಿಕೊಳ್ಳುವ ನಮ್ಮ ಸೋದರಮಾವ, ಯಾರನ್ನೂ ಬಿಟ್ಟಿಲ್ಲ. ನಿನ್ನ ಸ್ವಂತ ದನಿ ಯಾವುದಪ್ಪಾ ಎಂದು ಯಾರಾದರೂ ಕೇಳಿದರೆ ಸ್ವಲ್ಪ ಯೋಚಿಸಬೇಕಾಗುತ್ತದೆ.

ಟಿಕೆಟ್ ಕಳಿಸಿದವಳು ಶೈಲಕ್ಕ. ಡಾಕ್ಟರ್ ಓದಲು ತ್ವೇರ್ ಎಂಬ ಊರಿಗೆ ಹೋದವಳು ಅಲ್ಲಿಯೇ ಆಂದ್ರೇ ಎಂಬವನನ್ನು ಮದುವೆಯಾದಳು. ಆಗುತ್ತೇನೆ ಎಂದು ಹೇಳಲಿಲ್ಲ, ಆದ ಮೇಲೆ ಫೋನ್ ಮಾಡಿದಳು. ಅಮ್ಮ ಪೂರ್ತಿ ಕೇಳಿಸಿಕೊಂಡಳು. ಬೈಯಲಿಲ್ಲ, ಅಳಲಿಲ್ಲ. ಫೋನನ್ನು ನನ್ನ ಕೈಗಿಟ್ಟು ಮಗ್ಗದ ಕಡೆ ಹೋದಳು. ಅಪ್ಪ ತೀರಿಕೊಂಡ ಮೇಲೆ ಮಗ್ಗಗಳನ್ನೆಲ್ಲ ಅವಳೇ ನೋಡಿಕೊಳ್ಳುತ್ತಾಳೆ. ಅಂದಿನಿಂದ ಅವಳ ಬಾಯಲ್ಲಿ ಮಗಳ ಹೆಸರು ಬಂದಿಲ್ಲ. ವರ್ಷಗಳೇ ಆದವು.

ನಾನು ಹೋಗುತ್ತೇನೆಂದಾಗಲೂ ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. "ಅಲ್ಲಿ ಯುದ್ಧ ಅಂತಲ್ಲೋ" ಎಂದಳು, ಅಷ್ಟೇ. ಆದರೆ ಹೊರಡುವ ಹಿಂದಿನ ದಿನ ಚೀಲ ಎತ್ತಿದರೆ ಎತ್ತಲಾಗಲಿಲ್ಲ. ಒಳಗೆ ಹುರಿಗಡಲೆ ಚಟ್ನಿಪುಡಿ, ನಿಪ್ಪಟ್ಟು, ಕೋಡುಬಳೆ, ಹುಣಸೆ ತೊಕ್ಕು, ರಾಗಿ ಹಿಟ್ಟು.

"ಇಷ್ಟೆಲ್ಲ ಯಾರಿಗಮ್ಮ?"

"ನಿಂಗೇ. ದಾರೀಲಿ ಹಸಿವಾದ್ರೆ?"

"ದಾರೀಲಿ ರಾಗಿ ಮುದ್ದೆ ತಿರುವ್ಲಾ? ಗಗನಸಖಿ ಕೈಲಿ ಕೋಲು ಕೊಡ್ಲಾ?"

"ಬಾಯ್ಮುಚ್ಕೊಂಡು ಜಿಪ್ ಎಳಿಯೋ" ಎಂದು ಮಗ್ಗದ ಕಡೆ ತಿರುಗಿದಳು. ಹುಣಸೆ ತೊಕ್ಕು ನಾನು ತಿನ್ನುವುದಿಲ್ಲ. ಅದು ಅಕ್ಕನಿಗೆ ಪ್ರಾಣ.

ಮಾಸ್ಕೋ

ದುಬೈಯಲ್ಲಿ ಇಳಿದು ಹತ್ತಿ, ನಿದ್ದೆಗಣ್ಣಿನಲ್ಲಿ ಮಾಸ್ಕೋ ತಲುಪಿದೆ. ಅಲ್ಲಿನ ತಪಾಸಣೆಯ ಅಧಿಕಾರಿ ನನ್ನ ಚೀಲ ತೆರೆದು ರಾಗಿ ಹಿಟ್ಟಿನ ಪೊಟ್ಟಣ ನೋಡಿದ, ನನ್ನ ಮುಖ ನೋಡಿದ, ಮತ್ತೆ ಹಿಟ್ಟು ನೋಡಿದ. ಅವನ ಮುಖದಲ್ಲಿ ನಗುವಿನ ಒಂದು ಗೆರೆಯೂ ಇರಲಿಲ್ಲ. ನಮ್ಮಲ್ಲಿ ಸಾವಿನ ಮನೆಯಲ್ಲಿ ಕೂಡ ಯಾರಾದರೊಬ್ಬರು ಕಾಫಿ ಆಯ್ತಾ ಎಂದು ಮುಖ ಸಡಿಲಿಸುತ್ತಾರೆ. ನನಗೆ ಇಂಗ್ಲಿಷ್ ಕೈಕೊಟ್ಟಿತು. ಹಿಟ್ಟು ಕಲಸುವುದು, ಮುದ್ದೆ ಕಟ್ಟುವುದು, ಸಾರಿಗೆ ಅದ್ದುವುದು, ಅಗಿಯದೆ ನುಂಗುವುದು, ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಗುಟುಕ್ ಎಂದು ಗಂಟಲಲ್ಲಿ ಸದ್ದನ್ನೂ ಮಾಡಿದೆ. ಅವನು ನಿಧಾನವಾಗಿ ಪಕ್ಕದವನನ್ನು ಕರೆದು ಇನ್ನೊಮ್ಮೆ ಮಾಡು ಎಂದು ಸನ್ನೆ ಮಾಡಿದ. ಮಾಡಿದೆ. ಇಬ್ಬರೂ ನಗಲಿಲ್ಲ. ಚೀಲ ಮುಚ್ಚಿ ಕಳಿಸಿದರು. ಜೀವನದಲ್ಲಿ ಇಷ್ಟು ಕಠಿಣ ಪ್ರೇಕ್ಷಕರನ್ನು ನಾನು ಕಂಡದ್ದು ನೆಲಮಂಗಲದ ಒಂದು ಬೀಗರೂಟದಲ್ಲಿ ಮಾತ್ರ.

ಅಲ್ಲಿಂದ ತ್ವೇರ್‌ಗೆ ರೈಲು. ಕಿಟಕಿಯಾಚೆ ಬಿಳಿ ತೊಗಟೆಯ ಮರಗಳು ಸುಣ್ಣ ಹೊಡೆದ ಹಾಗೆ ಸಾಲಾಗಿ ನಿಂತಿದ್ದವು. ಬೋಗಿಯ ತುಂಬ ಜನ. ಆದರೆ ಮಾತಿಲ್ಲ. ಹಾಸನದ ಪ್ಯಾಸೆಂಜರಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ನನ್ನ ಗೋತ್ರದವರೆಗೂ ವಿಚಾರಣೆ ಮುಗಿದಿರುತ್ತಿತ್ತು.

ತ್ವೇರ್

ನಿಲ್ದಾಣದಲ್ಲಿ ಅಕ್ಕ ನಿಂತಿದ್ದಳು. ದಪ್ಪ ಕೋಟು, ಉಣ್ಣೆಯ ಟೋಪಿ, ಮಧ್ಯೆ ಅದೇ ಮುಖ. ನಾನು ನಮ್ಮ ಬೀದಿಯ ದನಿಯಲ್ಲಿ "ಅಕ್ಕಾ!" ಎಂದು ಕೂಗಿದ್ದಕ್ಕೆ ಪ್ಲಾಟ್‌ಫಾರಮ್ಮಿನ ಪಾರಿವಾಳಗಳೆಲ್ಲ ಎದ್ದವು.

"ಮೆಲ್ಲಗೆ ಕಣೋ" ಎಂದಳು ಅಕ್ಕ.

ಆ ಮೆಲ್ಲಗೆ ಎಂಬುದನ್ನು ಅವಳು ಎಷ್ಟು ಮೆಲ್ಲಗೆ ಹೇಳಿದಳೆಂದರೆ ನಾನು ಬಗ್ಗಿ ಕಿವಿಗೊಡಬೇಕಾಯಿತು. ಮಗ್ಗದ ಮನೆಯಲ್ಲಿ ಹುಟ್ಟಿದವರು ಮೆಲ್ಲಗೆ ಮಾತಾಡುವುದಿಲ್ಲ. ಉಪ್ಪು ಕೊಡು ಎಂಬುದನ್ನೂ ಬಸ್ಸು ನಿಲ್ಲಿಸುವವರ ಹಾಗೆ ಹೇಳುತ್ತೇವೆ. ಶೈಲಕ್ಕನಂತೂ ಅಡುಗೆಮನೆಯಿಂದ ಕರೆದರೆ ಮೂರನೇ ಮನೆಯವರು ಓ ಎನ್ನುತ್ತಿದ್ದರು. ಆ ದನಿಯನ್ನು ನಾನು ಚಿಕ್ಕಂದಿನಿಂದ ಅಣಕಿಸಿ ಅವಳ ಕೈಯಲ್ಲಿ ಏಟು ತಿಂದವನು. ಈಗ ಅವಳ ಹೊಸ ದನಿಯನ್ನು ಅಣಕಿಸಲು ನೋಡಿದೆ. ಹಿಡಿಯಲು ಏನೂ ಸಿಗಲಿಲ್ಲ.

ಮನೆ ಐದನೇ ಮಹಡಿಯಲ್ಲಿ. ಭಾವ ಆಂದ್ರೇ ಉತ್ತರದಲ್ಲೆಲ್ಲೋ ಕೆಲಸಕ್ಕೆ ಹೋಗಿದ್ದ. ಅವನ ತಾಯಿ ಗಲೀನಾ ಮನೆಯಲ್ಲಿದ್ದರು. ಅಗಲವಾದ ಭುಜದ, ನರೆಗೂದಲ ಹೆಂಗಸು. ನಾನು ಅವರಿಗೆ ಅಲ್ಲೇ ಗಲೀನಮ್ಮ ಎಂದು ಹೆಸರಿಟ್ಟೆ. ಬಾಗಿಲಲ್ಲಿ ಕೈಚಾಚಿದರೆ ಅವರು ಹಿಡಿಯಲಿಲ್ಲ. ಅವಮಾನವಾಯಿತು ಎಂದುಕೊಳ್ಳುವಷ್ಟರಲ್ಲಿ ತೋಳು ಹಿಡಿದು ಒಳಗೆಳೆದು, ಆಮೇಲೆ ಕೈ ಕುಲುಕಿದರು. ಹೊಸ್ತಿಲ ಮೇಲೆ ಕೈ ಕೊಡಬಾರದಂತೆ. ನಮ್ಮಲ್ಲಿ ಹೊಸ್ತಿಲ ಮೇಲೆ ಸೀನಬಾರದು, ಕೂರಬಾರದು. ಹೊಸ್ತಿಲು ಎಲ್ಲ ದೇಶದಲ್ಲೂ ಸ್ವಲ್ಪ ಸಿಡುಕಿನದೇ.

ಊಟಕ್ಕೆ ಕೂತು ನಾನು ದೇವನಹಳ್ಳಿಯಿಂದ ಮಾಸ್ಕೋವರೆಗಿನ ಕಥೆ ಹೇಳತೊಡಗಿದೆ. ನುಂಗುವ ಸದ್ದಿನವರೆಗೆ ಬಂದಿದ್ದೆ. ಗೋಡೆಯೊಳಗಿಂದ ಟಣ್ ಟಣ್ ಟಣ್ ಎಂದಿತು.

"ಅದೇನಕ್ಕಾ?"

"ಪಕ್ಕದ ಮನೆ ತಾತ. ಮನೆ ಬೆಚ್ಚಗಿಡೋ ಬಿಸಿನೀರಿನ ಪೈಪಿಗೆ ಚಮಚದಲ್ಲಿ ಬಡೀತಾರೆ. ಬಾಯ್ಮುಚ್ಚಿ ಅಂತ ಅರ್ಥ." ಅಕ್ಕ ತಲೆ ತಗ್ಗಿಸಿ ನಕ್ಕಳು. "ಮೊದಲ ವರ್ಷ ನಂಗೆ ದಿನಾ ಬೀಳ್ತಿತ್ತು."

ಗಲೀನಮ್ಮನ ಅಡುಗೆಮನೆ

ಶನಿವಾರ ಗಲೀನಮ್ಮ ವತ್ರೂಷ್ಕಾ ಮಾಡುತ್ತಾರೆ. ಹಾಲು, ಬೆಣ್ಣೆ, ಮೊಟ್ಟೆ, ಯೀಸ್ಟ್ ಹಾಕಿ ಕಲಸಿದ ಮೈದಾ ಹಿಟ್ಟು ಉಬ್ಬಿ ಬಂದ ಮೇಲೆ ಉಂಡೆ ಮಾಡಿ, ನಡುವೆ ಗುಳಿ ಒತ್ತಿ, ಗುಳಿಯಲ್ಲಿ ಸಿಹಿ ತ್ವರೋಗ್ ತುಂಬಿ ಓವನ್ನಿನಲ್ಲಿ ಬೇಯಿಸುವ ತಿಂಡಿ. ತ್ವರೋಗ್ ಎಂದರೆ ಹುಳಿಹಾಲನ್ನು ಮೆಲ್ಲಗೆ ಬಿಸಿ ಮಾಡಿ ಒಡೆಸಿ, ಬಟ್ಟೆಯಲ್ಲಿ ಕಟ್ಟಿ, ನೀರು ಬಸಿದು ಉಳಿಸಿದ ಗಟ್ಟಿ. ಬಾಗಿಲ ಹಿಂದೆ ಅದರ ಗಂಟು ನೇತಾಡುತ್ತಿತ್ತು. ನಮ್ಮ ಮನೆಯಲ್ಲಿ ಮೊಳಕೆಕಾಳು ಕಟ್ಟಿ ನೇತುಹಾಕಿದ ಹಾಗೆಯೇ. ಆ ಗಂಟು ನೋಡಿದ್ದೇ ನನಗೆ ಈ ಅಡುಗೆ ನಮ್ಮದೇ ಎನ್ನಿಸಿ ಧೈರ್ಯ ಬಂತು.

ಧೈರ್ಯವೇ ಕೆಡಿಸಿದ್ದು. ಗಲೀನಮ್ಮ ನನ್ನ ಕೈಗೆ ಒಂದು ಲೋಟ ಕೊಟ್ಟರು. ಅದರ ತಳಕ್ಕೆ ಹಿಟ್ಟು ಸವರಿ ಉಂಡೆಯ ನಡುವೆ ಒತ್ತಿದರೆ ಗುಳಿ ಬೀಳುತ್ತದೆ. ಒತ್ತಿದೆ. ತ್ವರೋಗ್ ಇಟ್ಟೆ. ಆಮೇಲೆ ನಡೆದದ್ದು ನನ್ನ ಕೈಯ ಕೆಲಸ, ನನ್ನದಲ್ಲ. ಬೆರಳುಗಳು ತಾವಾಗಿ ಅಂಚನ್ನೆಲ್ಲ ಮೇಲೆಳೆದು, ಒಟ್ಟುಗೂಡಿಸಿ, ಚಿವುಟಿ, ಹೂರಣ ಒಂದಿಷ್ಟೂ ಕಾಣದ ಹಾಗೆ ಮುಚ್ಚಿ, ಅಂಗೈಯಲ್ಲಿ ಒಮ್ಮೆ ತಟ್ಟಿ ತಟ್ಟೆಯಲ್ಲಿಟ್ಟವು. ಯುಗಾದಿ ಹಬ್ಬಕ್ಕೆ ಅಮ್ಮನ ಪಕ್ಕ ಕೂತು ಹೋಳಿಗೆಗೆ ಉಂಡೆ ಕಟ್ಟಿಕೊಡುತ್ತಿದ್ದ ಕೈ ಅದು. ಗಲೀನಮ್ಮ ತಿರುಗಿ ನೋಡುವಷ್ಟರಲ್ಲಿ ಅರ್ಧ ತಟ್ಟೆ ತುಂಬಿತ್ತು.

"ನ್ಯೆತ್! ನ್ಯೆತ್, ನ್ಯೆತ್, ನ್ಯೆತ್!"

ನ್ಯೆತ್ ಎಂದರೆ ಇಲ್ಲ, ಬೇಡ. ಆ ದೇಶದಲ್ಲಿ ನಾನು ಮೊದಲು ಕಲಿತ ಮಾತೇ ಅದು. ಅಕ್ಕ ಬಂದು ತಟ್ಟೆ ನೋಡಿದಳು. ನೋಡಿದವಳೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಟ್ಟಿಯಾಗಿ, ಮೂರನೇ ಮನೆಗೆ ಕೇಳುವ ಹಾಗೆ.

"ನಾನೂ ಹಿಂಗೇ ಮುಚ್ಚಾಕಿದ್ದೆ ಕಣೋ! ಮೊದಲ ಸಲ. ಒಂದೂ ಬಿಡದೆ!"

ಗಲೀನಮ್ಮ ಏನೋ ಕೇಳಿದರು. ಅಕ್ಕ ಕಣ್ಣೊರೆಸಿಕೊಂಡು ಅನುವಾದಿಸಿದಳು. "ನಿಮ್ಮ ಮನೆಯವರಿಗೆಲ್ಲ ಈ ಕಾಯಿಲೆ ಇದೆಯಾ ಅಂತ ಕೇಳ್ತಿದಾರೆ."

"ಇದೆ ಅನ್ನು. ನಮ್ಮಲ್ಲಿ ಹೂರಣ ಕಂಡ್ರೆ ಮಾಡಿದವಳಿಗೆ ಕೈ ನೆಟ್ಟಗಿಲ್ಲ ಅಂತಾರೆ ಅನ್ನು. ಅತ್ತೆಮನೇಲಿ ಒಂದು ಹೋಳಿಗೆ ಬಾಯ್ಬಿಟ್ರೆ ಮೂರು ತಲೆಮಾರಿಗೆ ಹೇಳ್ಕೋತಾರೆ ಅನ್ನು."

ಗಲೀನಮ್ಮ ಕೇಳಿ ತಲೆಯಾಡಿಸಿದರು. ಒಂದು ಉಂಡೆಯನ್ನು ಮತ್ತೆ ಬಿಡಿಸಿ, ಲೋಟ ಒತ್ತಿ, ಬಿಳಿಯ ತ್ವರೋಗ್ ತುಂಬಿ, ಮೇಲೆ ಒಣದ್ರಾಕ್ಷಿ ಇಟ್ಟು ನನ್ನ ಮುಂದೆ ಹಿಡಿದರು. ತಿನ್ನುವವನಿಗೆ ಏನು ತಿನ್ನುತ್ತಿದ್ದೇನೆಂದು ಮೊದಲೇ ಗೊತ್ತಾಗಬೇಕು, ಇಲ್ಲದಿದ್ದರೆ ಅದು ಬೇರೆ ತಿಂಡಿ, ಅದಕ್ಕೆ ಬೇರೆ ಹೆಸರಿದೆ ಎಂದರಂತೆ.

ಅವರು ಒಲೆಯ ಕಡೆ ತಿರುಗಿದಾಗ ನಾನು ಅವರ ನಡಿಗೆ, ಸೊಂಟಕ್ಕೆ ಕೈ, ನ್ಯೆತ್ ನ್ಯೆತ್ ಎಲ್ಲವನ್ನೂ ಮಾಡಿ ಅಕ್ಕನಿಗೆ ತೋರಿಸಿದೆ. ಓವನ್ನಿನ ಗಾಜಿನ ಬಾಗಿಲಲ್ಲಿ ಎಲ್ಲ ಕಾಣುತ್ತದೆಂದು ನನಗೇನು ಗೊತ್ತು? ಗಲೀನಮ್ಮ ಮೆಲ್ಲಗೆ ತಿರುಗಿ, ಕಣ್ಣು ದೊಡ್ಡದು ಮಾಡಿ, ಕತ್ತನ್ನು ಅತ್ತಿತ್ತ ಓಲಾಡಿಸುತ್ತ, ಎರಡು ಕೈಯಲ್ಲೂ ಗಾಳಿಯಲ್ಲಿ ಉಂಡೆ ಮುಚ್ಚುತ್ತ, ತಲೆಬುಡವಿಲ್ಲದ ಕನ್ನಡದಲ್ಲಿ ಗಟ್ಟಿಯಾಗಿ ಒದರತೊಡಗಿದರು. ಅದು ನಾನೇ. ಪಕ್ಕದ ಮನೆಯ ತಾತ ಪೈಪು ಬಡಿದ. ಗಲೀನಮ್ಮ ತಾವೂ ಒಂದು ಸೌಟು ತೆಗೆದುಕೊಂಡು ವಾಪಸ್ಸು ಬಡಿದರು.

ವತ್ರೂಷ್ಕಾ ಒಲೆಯಿಂದ ಬಂತು. ಅಂಚು ಕೆಂಪು, ನಡುವೆ ಹಾಲಿನ ಕೆನೆಯ ಬಣ್ಣ. ಬಿಸಿಯಲ್ಲೇ ಕಚ್ಚಿದೆ. ಹುಳಿ ಮೊದಲು, ಸಿಹಿ ಆಮೇಲೆ. ಅಕ್ಕ ತನ್ನ ಪಾಲಿನದರ ಮೇಲೆ ಹುಣಸೆ ತೊಕ್ಕು ಹಚ್ಚಿಕೊಂಡು ತಿಂದಳು. ಗಲೀನಮ್ಮ ಮುಖ ಬೇರೆ ಕಡೆ ತಿರುಗಿಸಿದರು.

ವೋಲ್ಗಾ ದಂಡೆ

ಮಾರನೆಯ ದಿನ ಅಕ್ಕ ನನ್ನನ್ನು ನದಿಯ ಕಡೆ ಕರೆದುಕೊಂಡು ಹೋದಳು. ವೋಲ್ಗಾ ಅಲ್ಲಿ ಸುಮ್ಮನೆ ಅಗಲವಾಗಿ ಹರಿಯುತ್ತದೆ. ನಮ್ಮ ಬತ್ತಿದ ಅರ್ಕಾವತಿ ನೆನಪಾದಳು. ಅವಳನ್ನು ಪರಿಚಯ ಮಾಡಿಕೊಡಲು ನಾಚಿಕೆಯಾಗಿ ಸುಮ್ಮನಾದೆ. ಮೊದಲ ಹಿಮ ಉದುರುತ್ತಿತ್ತು. ಹಿಮ ಬಿದ್ದಾಗ ಸದ್ದಾಗುವುದಿಲ್ಲ ಎಂಬುದು ನನಗೆ ಆಶ್ಚರ್ಯ. ನಮ್ಮೂರಿನ ಮಳೆ ಶೀಟಿನ ಮೇಲೆ ಬಿದ್ದರೆ ತಮಟೆ.

"ಲೋ, ಅಮ್ಮನ ಥರ ಮಾತಾಡೋ" ಎಂದಳು ಅಕ್ಕ ಇದ್ದಕ್ಕಿದ್ದಂತೆ.

ನನಗೇನು, ಮಗ್ಗದ ಗುಂಡಿ ಒತ್ತಿದ ಹಾಗೆ. ಗಂಟಲು ಬಿಗಿ ಮಾಡಿ, ಸೊಂಟಕ್ಕೆ ಇಲ್ಲದ ಸೆರಗು ಸಿಕ್ಕಿಸಿ ಶುರು ಮಾಡಿದೆ. "ಏನೇ, ಬಾಗ್ಲಲ್ಲಿ ನಿಂತ್ಕೊಂಡು ಯಾರ್ ದಾರಿ ಕಾಯ್ತಿದ್ಯಾ? ಎಳೆ ಕಿತ್ಕೊಂಡು ಮಗ್ಗ ನಿಂತೈತೆ, ಇವ್ಳು ನೋಡಿದ್ರೆ ಮಹಾರಾಣಿ! ಉಂಡ್ಯಾ? ಉಂಡಿದ್ರೆ ತಟ್ಟೆ ಎಲ್ಲಿ?"

ಅಕ್ಕ ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

"ಇನ್ನೊಂದ್ ಸಲ. ಉಂಡ್ಯಾ ಅಂತ ಅಷ್ಟೇ."

"ಉಂಡ್ಯಾ?"

"ಹ್ಞೂಂ ಅಮ್ಮ" ಎಂದಳು. ಆಮೇಲೆ ಕಣ್ಣು ತೆರೆದು, "ಈಗ ನಾನು ಒಂದು ಕೇಳ್ತೀನಿ. ಅಮ್ಮ ಏನಂತಾಳೋ ಅದನ್ನೇ ಹೇಳ್ಬೇಕು ನೀನು" ಎಂದಳು.

"ಕೇಳು."

"ಅಮ್ಮಾ, ನಾನು ಊರಿಗೆ ಬರ್ಲಾ?"

ದನಿ ಗಂಟಲಲ್ಲಿ ಸಿದ್ಧವಾಗಿತ್ತು. ಅಮ್ಮನ ಉಸಿರು, ಮಾತಿಗೆ ಮುಂಚೆ ನಾಲಗೆಯಿಂದ ಲೊಚಗುಟ್ಟುವುದು, ಎಲ್ಲ ಇತ್ತು. ಮಾತು ಮಾತ್ರ ಬರಲಿಲ್ಲ. ಅವಳು ಏನನ್ನುತ್ತಾಳೆಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಗೊತ್ತಿಲ್ಲ ಕಣಕ್ಕ" ಎಂದೆ. ಅದು ಯಾರ ದನಿಯೂ ಅಲ್ಲ, ನನ್ನದೇ.

"ನಂಗೂ ಗೊತ್ತಿಲ್ಲ. ಅದಕ್ಕೇ ಬಂದಿಲ್ಲ" ಎಂದಳು ಅಕ್ಕ. "ರಜೆ ಸಿಗುತ್ತೆ, ಆಂದ್ರೇ ಹೋಗೋಣ ಅಂತಾನೇ ಇರ್ತಾನೆ. ಆದ್ರೆ ನಾನು ಬಾಗ್ಲಿಗೆ ಬಂದು ನಿಂತಾಗ ಅವಳು ಅವತ್ತಿನ ಥರ ಮಗ್ಗದ ಕಡೆ ತಿರುಗ್ಬಿಟ್ರೆ? ಅಲ್ಲಿಂದ ವಾಪಸ್ ನಡ್ಕೊಂಡು ಬರೋಕೆ ನನ್ ಕೈಲಾಗಲ್ಲ ಗಿರಿ. ಒಂದೇ ಒಂದ್ ಸಲ ಬಾ ಅಂದ್ರೆ ಸಾಕು."

ಹಿಮ ಅವಳ ಟೋಪಿಯ ಮೇಲೆ ಕೂರುತ್ತಿತ್ತು. ನಾನು ಕೊಡವಿದೆ. ಮತ್ತೆ ಕೂತಿತು.

ಹೊರಡುವ ಮುಂಚೆ

ಅವರಲ್ಲಿ ದೂರಕ್ಕೆ ಹೊರಡುವವರು ಬಾಗಿಲು ದಾಟುವ ಮುಂಚೆ ಎಲ್ಲರ ಜೊತೆ ಸ್ವಲ್ಪ ಹೊತ್ತು ಮಾತಿಲ್ಲದೆ ಕೂರಬೇಕು. ನನಗೆ ಗೊತ್ತಿರಲಿಲ್ಲ. ಚೀಲ ಹೆಗಲಿಗೇರಿಸಿದ್ದೆ. ಗಲೀನಮ್ಮ ಕೋಟು ಹಾಕಿಕೊಂಡೇ ಕುರ್ಚಿಯಲ್ಲಿ ಕೂತರು, ಅಕ್ಕ ನನ್ನ ಇನ್ನೊಂದು ಚೀಲದ ಮೇಲೆ ಕೂತಳು, ನನಗೂ ಕೂರು ಎಂದು ಸನ್ನೆಯಾಯಿತು. ಯಾರಿಗೋ ಏನೋ ಆಯಿತು ಎಂದು ಗಾಬರಿಯಾಗಿ "ಏನಾಯ್ತಕ್ಕಾ?" ಎಂದೆ. ಗಲೀನಮ್ಮ ತುಟಿಯ ಮೇಲೆ ಬೆರಳಿಟ್ಟರು. ಕೂತೆ. ನಮ್ಮ ಮನೆಯಲ್ಲಾದರೆ ಹೊರಡುವ ಹೊತ್ತು ಎಂದರೆ ಕಿರುಚಾಟ. ಚಾರ್ಜರ್ ಇಟ್ಕೊಂಡ್ಯಾ, ನೀರು ತಗೊಂಡ್ಯಾ, ದೀಪಕ್ಕೆ ಕೈ ಮುಗಿದ್ಯಾ. ಆ ಕಿರುಚಾಟದಲ್ಲಿ ಹೋಗುವವನ ಮುಖವನ್ನು ಯಾರೂ ನೋಡುವುದಿಲ್ಲ. ಇಲ್ಲಿ ನೋಡುವುದು ಬಿಟ್ಟು ಬೇರೆ ಕೆಲಸವೇ ಇರಲಿಲ್ಲ. ಅಕ್ಕ ನನ್ನನ್ನು ನೋಡಿದಳು, ನಾನು ಅಕ್ಕನನ್ನು ನೋಡಿದೆ. ಅವಳ ಕಿವಿಯ ಪಕ್ಕ ಒಂದು ನರೆಗೂದಲಿತ್ತು.

ಗಲೀನಮ್ಮ ತೊಡೆಗೆ ಹೊಡೆದುಕೊಂಡು ಎದ್ದರು. ಪೊಟ್ಟಣವೊಂದನ್ನು ನನ್ನ ಕೈಗಿಟ್ಟು, "ಮಾಮಾ" ಎಂದರು. ವತ್ರೂಷ್ಕಾ ನಿಮ್ಮ ಅಮ್ಮನಿಗೆ ಎಂದು. ಅಮ್ಮ ಮೊಟ್ಟೆ ಮುಟ್ಟುವುದಿಲ್ಲ, ಅದರಲ್ಲಿ ಮೊಟ್ಟೆಯಿತ್ತು. ಅಕ್ಕನಿಗೂ ಅದು ಗೊತ್ತು. ಇಬ್ಬರೂ ಹೇಳಲಿಲ್ಲ. ದುಬೈಯಲ್ಲಿ ಕೂತು ಎಲ್ಲವನ್ನೂ ನಾನೇ ತಿಂದೆ.

ದೊಡ್ಡಬಳ್ಳಾಪುರ

ಬಂದ ಮೇಲೆ ಮನೆಯಲ್ಲೇ ಮಾಡಲು ಕೂತೆ, ಮೊಟ್ಟೆಯಿಲ್ಲದೆ. ನಮಗೆ ಓವನ್ ಎಲ್ಲಿಂದ? ದಪ್ಪ ತಳದ ಪಾತ್ರೆಗೆ ಕಲ್ಲುಪ್ಪು ಹರಡಿ, ಗ್ಯಾಸಿನ ಮೇಲೆ ಕಾಯಿಸಿ, ಒಳಗೆ ತಟ್ಟೆಯಿಟ್ಟು ಮುಚ್ಚಿದೆ. ಮೊದಲ ಸಲದ್ದನ್ನು ಬೀದಿನಾಯಿ ಮೂಸಿ ನೋಡಿ ನನ್ನ ಮುಖ ನೋಡಿತು. ಎರಡನೇ ಸಲ ಮೊಸರನ್ನು ಕುದಿಸಿಬಿಟ್ಟು ತ್ವರೋಗ್ ರಬ್ಬರಾಯಿತು. "ಒಳ್ಳೆ ಮೊಸರನ್ನ ಕೆಡಿಸ್ತಾನೆ" ಎಂದು ಅಮ್ಮ ಮಗ್ಗದ ಕಡೆಯಿಂದಲೇ ಕೂಗಿದಳು. ಅದೇನು, ಯಾವ ಊರಿನದು ಎಂದು ಕೇಳಲಿಲ್ಲ. ರಷ್ಯಾದ ಬಗ್ಗೆ ಅವಳು ಕೇಳಿದ್ದು ಒಂದೇ: ಅಲ್ಲಿ ನೀರು ಕಾಯಿಸಿ ಕುಡೀತಾರಾ?

ಅಕ್ಕನಿಗೆ ಕರೆ ಒಮ್ಮೊಮ್ಮೆ ಹತ್ತುತ್ತದೆ, ಒಮ್ಮೊಮ್ಮೆ ಇಲ್ಲ. ಹಾಗಾಗಿ ಮಾತನ್ನು ರೆಕಾರ್ಡ್ ಮಾಡಿ ಕಳಿಸುತ್ತಿದ್ದೆ, ಅಮ್ಮನ ದನಿಯಲ್ಲಿ. ಅಕ್ಕನೇ ಕೇಳಿದ್ದು. ಉಂಡ್ಯಾ, ಸ್ವೆಟರ್ ಹಾಕ್ಕೋ, ತಲೆಗೆ ಎಣ್ಣೆ ಹಚ್ಕೋ, ಇಷ್ಟೇ. ಅಡುಗೆಮನೆಯಲ್ಲಿ ನಿಂತು ಎಷ್ಟು ಗಟ್ಟಿಯಾಗಿ ಹೇಳಿದರೂ ಮಗ್ಗಗಳ ಸದ್ದಿನಲ್ಲಿ ಪಕ್ಕದ ಕೋಣೆಗೂ ಕೇಳುವುದಿಲ್ಲ.

ಆ ಮಧ್ಯಾಹ್ನ ವತ್ರೂಷ್ಕಾ ಮೊದಲ ಬಾರಿಗೆ ನೆಟ್ಟಗೆ ಬಂದಿತ್ತು. ಅಂಚು ಕೆಂಪಗೆ, ನಡುವೆ ಬೆಳ್ಳಗೆ. ಫೋನ್ ಬಾಯಿಯ ಹತ್ತಿರ ಹಿಡಿದು, ಸೊಂಟಕ್ಕೆ ಟವೆಲ್ ಸಿಕ್ಕಿಸಿ, "ಏನೇ ಶೈಲೂ, ನಿನ್ ತಮ್ಮ ಇವತ್ತು ಬಾಯ್ಬಿಟ್ಕೊಂಡಿರೋ ಹೋಳಿಗೆ ಮಾಡವ್ನೆ" ಎಂದು ಶುರು ಮಾಡಿದೆ.

ಕರೆಂಟ್ ಹೋಯಿತು.

ನಮ್ಮ ಮನೆಯ ಮಗ್ಗ, ಎದುರಿನ ಮನೆಯ ಮಗ್ಗ, ಇಡೀ ಬೀದಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ನಿಶ್ಶಬ್ದದ ನಟ್ಟನಡುವೆ ಅಮ್ಮನ ದನಿ ನನ್ನ ಬಾಯಿಂದ ಮನೆಯೆಲ್ಲ ಮೊಳಗುತ್ತಿತ್ತು: "ಉಂಡ್ಯೇನೇ? ಬಿಸ್ನೀರ್ ಕುಡಿ!"

ತಿರುಗಿದರೆ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಮಗ್ಗದ ಲಾಳಿ.

"ಯಾರಿಗ್ಲಾ ಅದು?"

ನಾನು ಫೋನನ್ನು ಬೆನ್ನ ಹಿಂದೆ ಮುಚ್ಚಿಟ್ಟೆ.

"ನನ್ ದನೀಲಿ ಯಾರಿಗ್ ಹೇಳ್ತಿದ್ದೆ?"

"ಅಕ್ಕನಿಗೆ."

"ದಿನಾ ಹೇಳ್ತೀಯಾ?"

"ಆಗಾಗ."

ಅಮ್ಮ ಒಳಗೆ ಬಂದಳು. ತಟ್ಟೆಯಲ್ಲಿದ್ದುದನ್ನು ನೋಡಿದಳು. "ಇದೇನು, ಮುಚ್ಚೇ ಇಲ್ವಲ್ಲ."

"ಅದು ಹಂಗೇ ಅಮ್ಮ. ಅಕ್ಕನ ಅತ್ತೆ ಹೇಳ್ಕೊಟ್ಟಿದ್ದು. ಅಕ್ಕನೂ ಮೊದಲು ಮುಚ್ಚಾಕಿದ್ದಳಂತೆ. ನೀನು ಕಲ್ಸಿದ ಹಂಗೆ."

ಅವಳು ಒಂದನ್ನು ಕೈಗೆತ್ತಿಕೊಂಡಳು. ತಿನ್ನಲಿಲ್ಲ. ಹೆಬ್ಬೆರಳಿನಿಂದ ಅಂಚನ್ನು ಮೆಲ್ಲಗೆ ಒತ್ತುತ್ತ ನಿಂತಳು.

"ನನ್ ಬಾಯಲ್ಲಿ ಏನೇನ್ ಹೇಳ್ಸಿದ್ಯಾ?"

"ಏನಿಲ್ಲ. ಊಟ, ಸ್ವೆಟರ್, ಎಣ್ಣೆ."

"ಬಾ ಅಂತ ಹೇಳಿದ್ಯಾ?"

"ಇಲ್ಲ."

"ಯಾಕ್ ಹೇಳ್ಲಿಲ್ಲ?"

"ನೀನು ಹೇಳಿರ್ಲಿಲ್ವಲ್ಲಮ್ಮ."

ಬೀದಿಯಲ್ಲಿ ಯಾರೋ ಕರೆಂಟಿನವರಿಗೆ ಬೈಯುತ್ತಿದ್ದರು. ಅಮ್ಮ ಲಾಳಿಯನ್ನು ಕಟ್ಟೆಯ ಮೇಲಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಆ ಕೈಯನ್ನು ನನ್ನ ಮುಂದೆ ಚಾಚಿದಳು. "ಮಾಡು ಫೋನು."

ಕರೆ ಹತ್ತುವುದಿಲ್ಲ ಎಂದುಕೊಂಡೆ. ಹತ್ತಿತು. ಸ್ಪೀಕರ್ ಹಾಕಿ ಕೊಟ್ಟೆ. ಅಮ್ಮ ಅದನ್ನು ದೀಪ ಹಿಡಿದ ಹಾಗೆ ಎರಡು ಕೈಯಲ್ಲೂ ಹಿಡಿದಳು.

"ಶೈಲೂ, ಯಾವಾಗ್ ಬರ್ತೀಯಾ?"

ಆ ಕಡೆ ಅಕ್ಕ ನಕ್ಕಳು. "ಲೋ ಗಿರಿ, ಬಿಡೋ ಸಾಕು. ಇವತ್ತು ದನಿ ಸರಿಯಾಗಿ ಹಿಡಿದಿಲ್ಲ ನೀನು. ಅಮ್ಮನ ದನಿ ಹಂಗೆ ನಡುಗಲ್ಲ."

ಅಮ್ಮ ನನ್ನ ಕಡೆ ನೋಡಿದಳು. ನಾನು ಎರಡು ಕೈಯಿಂದಲೂ ನನ್ನ ಬಾಯಿ ಮುಚ್ಚಿಕೊಂಡಿದ್ದೆ.

"ನಾನು ಕಣೇ" ಎಂದಳು ಅಮ್ಮ.

ಅಲ್ಲಿಂದ ಸದ್ದಿಲ್ಲ. ಇಲ್ಲೂ ಇಲ್ಲ. ಇನ್ನೂ ಸ್ವಲ್ಪ ಹೊತ್ತು ಕರೆಂಟ್ ಬಾರದಿರಲಪ್ಪಾ ಎಂದು ನಮ್ಮ ಬೀದಿಯಲ್ಲಿ ಹುಟ್ಟಿದವನೊಬ್ಬ ದೇವರನ್ನು ಬೇಡಿಕೊಂಡದ್ದು ಬಹುಶಃ ಅದೇ ಮೊದಲು.